ಕಾರ್ತಿಕ ಮಾಸದಲ್ಲಿ ಮೂರು ಕಿಲೋ ಸಿಗಡಿ

ಕುಂತಳಾ: ಆ ಫ್ರಿಜ್ಜಿಗೆ ರಜಾಯಿ ಹೊದೆಸಿದ್ದೀರಲ್ಲ, ಅದಕ್ಕೇನು ಚಳಿಜ್ವರವಾ?

ಪಾರಿಜಾ: ಒಳಗಿನ ಚಳಿ ಹೊರಗೆ ಹೋಗಬಾರದು ಅಂತ.

ಕುಂತಳಾ: ಮನೇಲಿ ಇಬ್ಬರಿಗೂ ಸೇರಿ ಇರೋದು ಅದೊಂದೇ ರಜಾಯಿ.

ಪಾರಿಜಾ: ಕಾರ್ತಿಕ ಬಂದು ನಾಲ್ಕು ದಿನ ಆಗಿದೆ ಅಷ್ಟೆ. ಈಗ ಯಾರಿಗೆ ಬೇಕು ರಜಾಯಿ?

ಕುಂತಳಾ: ನಿಮ್ಮ ಪಟ್ಟಿಗೆ ಬೇಕು. ಸೂತ್ರ ಐದು ಓದ್ಲಾ?

ಓದಬೇಡವೆಂದು ಪಾರಿಜಾ ಬಾಬು ಕೈಯಾಡಿಸಿದರು. ಪಟ್ಟಿ ಅವರದೇ. ಪುರಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಬಾಂಛಾನಿಧಿ ಪಾರಿಜಾ ಈಗ ತಮ್ಮ ಗಲ್ಲಿಯ ಚಂಡಮಾರುತ ಮುಂಜಾಗ್ರತಾ ಸಮಿತಿಯ ಕಾರ್ಯದರ್ಶಿ. ಸಮಿತಿಯ ಮೊದಲ ಸಭೆಯಲ್ಲಿ ಎಲ್ಲರಿಗಿಂತ ಕೊನೆಗೆ ಎದ್ದವರನ್ನು ಆ ಹುದ್ದೆಗೆ ಆರಿಸಲಾಗಿತ್ತು. ಪಾರಿಜಾ ಬಾಬುವಿಗೆ ಮೊಣಕಾಲು ನೋವು. ಆದರೂ ಹುದ್ದೆಗೆ ಅವರು ಮೋಸ ಮಾಡಲಿಲ್ಲ. ಜ್ಯೇಷ್ಠದ ಬಿಸಿಲಲ್ಲಿ ಕೂತು, 'ದೀರ್ಘಕಾಲ ವಿದ್ಯುತ್ ಇಲ್ಲದಿರುವಾಗ ಹಾಗೂ ಇತರ ಆಪತ್ತುಗಳಲ್ಲಿ ಗೃಹಸ್ಥರು ಪಾಲಿಸತಕ್ಕ ಹದಿನೇಳು ಸೂತ್ರಗಳು' ಎಂದು ಬರೆದು, ಅಚ್ಚು ಹಾಕಿಸಿ, ಪ್ರತಿ ಮನೆಯ ಗೇಟಿಗೂ ಅಂಟಿಸಿದರು.

ಈಗ ಚಂಡಮಾರುತ ನಿಜವಾಗಿಯೂ ಬರುತ್ತಿತ್ತು. ಯಾವ ದೇಶದವರೋ ಅದಕ್ಕೊಂದು ಮುದ್ದಾದ ಹೆಸರಿಟ್ಟಿದ್ದರು. ನಾಳೆ ಮಧ್ಯಾಹ್ನ ಕರಾವಳಿ ಮುಟ್ಟುತ್ತದೆ, ಇವತ್ತು ಸಂಜೆಯೇ ಕರೆಂಟ್ ತೆಗೆಯುತ್ತಾರೆ, ಮತ್ತೆ ಬರುವುದು ವಾರವೋ ಹತ್ತು ದಿನವೋ ಎಂದು ರೇಡಿಯೋ ಬೆಳಗಿನಿಂದ ಹೇಳುತ್ತಿತ್ತು. ಗಲ್ಲಿಗೆ ಗಲ್ಲಿಯೇ ಹದಿನೇಳು ಸೂತ್ರಗಳನ್ನು ಪಾಲಿಸಿ ಕೂತಿತ್ತು, ಬರೆದವರ ಮನೆಯೊಂದನ್ನು ಬಿಟ್ಟು.

ಹೆಂಡತಿ ಕುಂತಳಾ ಕನ್ನಡಕ ಹಾಕಿಕೊಂಡು ಓದಿಯೇಬಿಟ್ಟಳು.

ಕುಂತಳಾ: ಸೂತ್ರ ಒಂದು. ಮೂರು ದಿನಕ್ಕೆ ಸಾಲುವಷ್ಟು ಕುಡಿಯುವ ನೀರನ್ನು ಬಾಟಲಿಗಳಲ್ಲಿ ತುಂಬಿಡತಕ್ಕದ್ದು. ಎಲ್ಲಿ ಬಾಟಲಿ?

ಪಾರಿಜಾ: ತುಂಬಿಟ್ಟಿದ್ದೀನಲ್ಲ.

ಕುಂತಳಾ: ಎಲ್ಲಿ ಅಂದೆ.

ಪಾರಿಜಾ: ಫ್ರೀಜರಲ್ಲಿ.

ಕುಂತಳಾ: ಅದು ನೀರಲ್ಲ, ಬಂಡೆ.

ಪಾರಿಜಾ: ಕರೆಂಟ್ ಹೋದ ಮೇಲೆ ತಾನಾಗಿ ನೀರಾಗುತ್ತೆ ಮಿಟು ಬೊಉ. ಹಿಮಾಲಯದಿಂದ ಗಂಗೆ ಬರೋದು ಹೇಗೆ ಅಂದ್ಕೊಂಡೆ?

ಕುಂತಳಾ: ಗಂಗೆ ಸಿಗಡಿ ಪಕ್ಕದಲ್ಲಿ ಮಲಗಿದ್ದು ಬರಲ್ಲ. ಆ ನೀರನ್ನ ಹಬಿಷ ಹಿಡಿದ ನಾನು ಕುಡೀಬೇಕಾ?

ಗಂಟಿನ ಮೂಲ ಅಲ್ಲಿತ್ತು. ಕುಂತಳಾ ಕಾರ್ತಿಕವಿಡೀ ಹಬಿಷ ಹಿಡಿದವಳು: ನಸುಕಿಗೆ ಸ್ನಾನ, ದಿನಕ್ಕೊಂದೇ ಊಟ, ಆ ಊಟಕ್ಕೆ ಅರಿಸಿನ ಕೂಡ ಇಲ್ಲ. ಅಷ್ಟು ಕಠಿಣ ವ್ರತ ಹಿಡಿಯದವರೂ ಈ ತಿಂಗಳು ಮೀನು ಮಾಂಸ ಮುಟ್ಟುವುದಿಲ್ಲ. ಪಾರಿಜಾ ಬಾಬುವೂ ಮುಟ್ಟುವುದಿಲ್ಲ, ನಿಟ್ಟುಸಿರು ಮಾತ್ರ ಬಿಡುತ್ತಾರೆ. ಹುಣ್ಣಿಮೆಗೆ ವ್ರತ ಮುಗಿದ ಮರುದಿನ ಛಾಡಖಾಯಿ, ತಿಂಗಳಿಡೀ ಬಾಯಿ ಕಟ್ಟಿದ್ದ ಒಡಿಶಾ ಬಾಯಿ ಬಿಚ್ಚುವ ದಿನ. ಅವತ್ತು ಮೀನಂಗಡಿಯ ಸಾಲಿನ ತಲೆ ಕಂಡವರುಂಟು, ಬಾಲ ಕಂಡವರಿಲ್ಲ.

ಮಗಳು ಮಿಟುವಿನ ಮದುವೆಯಾದ ಮೇಲೆ ಇದು ಮೊದಲ ಕಾರ್ತಿಕ; ಗಂಡಹೆಂಡಿರು ಇಂದಿಗೂ ಒಬ್ಬರನ್ನೊಬ್ಬರು ಕರೆಯುವುದು ಅವಳ ಹೆಸರಿನಿಂದಲೇ, ಮಿಟು ಬೊಉ, ಮಿಟು ಬಾಪಾ, ಅಂದರೆ ಮಿಟುವಿನ ಅಮ್ಮ, ಮಿಟುವಿನ ಅಪ್ಪ. ಬರಂಪುರದ ಬೀಗರ ಮುಂದೆ ಬೀಗುವ ಸಂದರ್ಭ ಸಿಕ್ಕಾಗ ಪಾರಿಜಾ ಬಾಬು ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. "ಛಾಡಖಾಯಿ ಊಟಕ್ಕೆ ನಮ್ಮಲ್ಲೇ ಬನ್ನಿ. ಚಿಲಿಕಾದ ಸಿಗಡಿ ತರಿಸ್ತೀನಿ, ಒಂದೊಂದೂ ಅಂಗೈ ಅಗಲ" ಎಂದುಬಿಟ್ಟರು. ಆಮೇಲೆ ಅವತ್ತಿನ ನೂಕುನುಗ್ಗಲು ನೆನೆದು, ಕಾರ್ತಿಕ ಹುಟ್ಟುವ ಹಿಂದಿನ ದಿನವೇ ಮೂರು ಕಿಲೋ ತಂದು ಫ್ರೀಜರಿನಲ್ಲಿಟ್ಟರು. ಆ ದಿನ ತಮ್ಮ ಬುದ್ಧಿಯ ಮೇಲೆ ಅವರಿಗೆ ಎಂಥ ಪ್ರೀತಿ ಉಕ್ಕಿತ್ತೆಂದರೆ, ಕನ್ನಡಿಯ ಮುಂದೆ ನಿಂತು ಎರಡೆರಡು ಸಲ ತಲೆ ಬಾಚಿಕೊಂಡಿದ್ದರು. ಬಾಚುವುದಕ್ಕೆ ಅಲ್ಲಿ ಹೆಚ್ಚೇನೂ ಇರಲಿಲ್ಲ.

ಕುಂತಳಾ: ಸೂತ್ರ ನಾಲ್ಕು. ಉಪ್ಪು, ಬೆಂಕಿಪೊಟ್ಟಣ, ಮೇಣದಬತ್ತಿ. ಉಪ್ಪಿನ ಡಬ್ಬಿ ಖಾಲಿ ಇದೆ.

ಪಾರಿಜಾ: ಮಂಜುಗಡ್ಡೆಗೆ ಉಪ್ಪು ಹಾಕಿದ್ರೆ ಇನ್ನೂ ತಣ್ಣಗಿರುತ್ತೆ.

ಕುಂತಳಾ: ಸೂತ್ರ ಏಳು. ಗಟ್ಟಿಯಾದ ಹಗ್ಗ.

ಪಾರಿಜಾ: ಫ್ರಿಜ್ಜಿನ ಬಾಗಿಲಿಗೆ ಕಟ್ಟಿದ್ದೀನಿ. ಮಾತುಮಾತಿಗೆ ತೆಗೀತೀಯ ನೀನು.

ಕುಂತಳಾ: ಸೂತ್ರ ಒಂಬತ್ತು. ಮನೆಯ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಸುತ್ತಿಡತಕ್ಕದ್ದು. ಪಟ್ಟಾ ಮೇಜಿನ ಮೇಲೆ ಬೋರಲು ಬಿದ್ದಿದೆ. ಚೀಲ ಎಲ್ಲಿ ಅಂತ ಕೇಳಲ್ಲ.

ಪಾರಿಜಾ: ನಾಲ್ಕೇ ನಾಲ್ಕು ಚೀಲ ಇತ್ತು. ಸಿಗಡಿ ನಾಲ್ಕು ಭಾಗ ಮಾಡಿದ್ದೆ.

ಕುಂತಳಾ: ಪಟ್ಟಾ ನೆನೆದ್ರೆ ಮನೆ ಹೋಗುತ್ತೆ. ಸಿಗಡಿ ನೆನೆದ್ರೆ ಏನು ಹೋಗುತ್ತೆ? ಅದು ಹುಟ್ಟಿದ್ದೇ ನೀರಲ್ಲಿ.

ಪಾರಿಜಾ: ಮನೆ ಹೋದ್ರೆ ಸರ್ಕಾರ ಏನಾದ್ರೂ ಕೊಡುತ್ತೆ. ಬೀಗರ ಎದುರು ಮಾನ ಹೋದ್ರೆ ಯಾವ ಇಲಾಖೆ ಕೊಡುತ್ತೆ?

ಕುಂತಳಾ: ಇನ್ವರ್ಟರಿನ ತಂತಿ ಫ್ಯಾನಿಗೆ ಹೋಗ್ತಿತ್ತಲ್ಲ, ಈಗ ಎಲ್ಲಿಗೆ ಹೋಗಿದೆ?

ತಂತಿ ಎಲ್ಲಿಗೆ ಹೋಗಿದೆಯೆಂದು ರಜಾಯಿಯ ಕೆಳಗಿನಿಂದ ಕಾಣುತ್ತಲೇ ಇತ್ತು.

ಕುಂತಳಾ: ಕೊನೇದೊಂದು ಓದಿಬಿಡ್ತೀನಿ, ನನಗೆ ತುಂಬಾ ಇಷ್ಟ ಇದು. ಸೂತ್ರ ಹನ್ನೊಂದು. ಫ್ರಿಜ್ಜಿನಲ್ಲಿರುವ ಬೇಗ ಕೆಡುವ ಪದಾರ್ಥಗಳನ್ನು ಚಂಡಮಾರುತಕ್ಕೆ ಮೊದಲೇ ತಿಂದು ಖಾಲಿ ಮಾಡತಕ್ಕದ್ದು.

ಪಾರಿಜಾ: ಅದನ್ನ ಬರೆದಾಗ ಜ್ಯೇಷ್ಠ ಮಾಸ. ಆಗ ತಿನ್ನಬಹುದಿತ್ತು.

ಕುಂತಳಾ: ಹಾಗಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕ್ಬೇಕಿತ್ತು. ಮಿಟು ಬಾಪಾ, ಗೋಡೆ ಆಚೆ ತಿನಕಡಿ ಬಾಬು ಇದ್ದಾರೆ, ಜನರೇಟರ್ ಇದೆ, ಮೀನಿಡೋ ದೊಡ್ಡ ಪೆಟ್ಟಿಗೆ ಇದೆ. ಅಲ್ಲಿಟ್ಟು ಬನ್ನಿ.

ಪಾರಿಜಾ: ಬಂಗಾಳಿ ಕೈಗೆ ಸಿಗಡಿ? ಸಿಗಡಿ ಅಲ್ಲಿಗೆ ಹೋದ್ರೆ ಮತ್ತೆ ಸಿಗದು.

ಕುಂತಳಾ: ನಿಮ್ಮ ಕೈಲಿ ಇದ್ರೆ ಕೊಳೆಯುತ್ತೆ. ಅವರ ಕೈಲಿ ಇದ್ರೆ ಒಬ್ಬರಾದ್ರೂ ತಿಂತಾರೆ.

ಬೇರೆ ದಾರಿಯಿರಲಿಲ್ಲ. ಹೋಮಿಯೋಪಥಿ ವೈದ್ಯ ತಿನಕಡಿ ಸರ್ಖೇಲರ ಅಜ್ಜ ಬರ್ದಮಾನಿನಿಂದ ಪುರಿಗೆ ಬಂದು ನೆಲೆಸಿದವರು. ಮೂರು ತಲೆಮಾರಿನಲ್ಲಿ ಆ ಮನೆಯವರು ಒಡಿಯಾ ಭಾಷೆ ಕಲಿತರು, ಒಡಿಯಾ ಜಗಳ ಕಲಿತರು, ಕಾರ್ತಿಕ ಮಾತ್ರ ಕಲಿಯಲಿಲ್ಲ. ಪಾರಿಜಾ ಬಾಬು ನಾಲ್ಕು ಚೀಲಗಳನ್ನು ಪಂಚೆಯ ಸೆರಗಿನಲ್ಲಿ ಮರೆಮಾಡಿಕೊಂಡು, ಹಿತ್ತಲ ಗೋಡೆಯ ಬಳಿ ನಿಂತು ಕೆಮ್ಮಿದರು. ಹಿಂದೆಯೇ ಕುಂತಳಾ ಬಂದು ಹತ್ತು ಹೆಜ್ಜೆ ದೂರದಲ್ಲಿ ನಿಂತಳು.

ತಿನಕಡಿ: ಜಾಗ ಇಲ್ಲ, ಪಾರಿಜಾ ಮೊಶಾಯ್.

ಪಾರಿಜಾ: ನಾನಿನ್ನೂ ಏನೂ ಕೇಳಿಲ್ಲ.

ತಿನಕಡಿ: ಬೆಳಗಿಂದ ಈ ಗೋಡೆ ಹತ್ರ ಕೆಮ್ಮಿದವರೆಲ್ಲ ಅದನ್ನೇ ಕೇಳಿದ್ದು. ಮೊದಲಿಬ್ಬರಿಗೆ ನಾನು ಕೆಮ್ಮಿನ ಗುಳಿಗೆ ಕೊಟ್ಟೆ.

ಪಾರಿಜಾ: ಅಷ್ಟು ದೊಡ್ಡ ಪೆಟ್ಟಿಗೆ, ಮನೇಲಿ ನೀವೊಬ್ಬರು.

ತಿನಕಡಿ: ಮನೇಲಿ ಒಬ್ಬ. ಪೆಟ್ಟಿಗೇಲಿ ಹನ್ನೊಂದು ಮನೆಯವರು. ನೀವು ಬರೆದ ಹನ್ನೊಂದನೇ ಸೂತ್ರ ಓದಿ ಎಲ್ಲರೂ ಅವರವರ ಫ್ರಿಜ್ ಖಾಲಿ ಮಾಡಿದ್ರು. ನನ್ನದು ತುಂಬಿಹೋಯ್ತು.

ಪಾರಿಜಾ: ಹನ್ನೊಂದು ಮನೆ? ಛಾಡಖಾಯಿಗೆ ಅಂತ ಮೊದಲೇ ತಂದಿಟ್ಟವರು ನಾನೊಬ್ಬನೇ ಅಂದ್ಕೊಂಡಿದ್ದೆ.

ತಿನಕಡಿ: ಹನ್ನೊಂದು ಜನರೂ ಹಾಗೇ ಅಂದ್ರು. ಹೆಸರು ಹೇಳಬಾರದು ಅಂತ ಭಾಷೆ ತಗೊಂಡಿದ್ದಾರೆ, ವೈದ್ಯನ ಬಾಯಿ, ಹೇಳಲ್ಲ. ಒಂದು ಮಾತ್ರ: ಎರಡು ಕಿಲೋ ಕುರಿಮಾಂಸ ಇದೆ, ಬೆಳಗಿನ ಕೀರ್ತನೆಗೆ ಮೃದಂಗ ಬಾರಿಸೋರದ್ದು.

ಕುಂತಳಾ: ಅಯ್ಯೋ, ಅದೇ ಕೈಯಿಂದ ನನಗೆ ದಿನಾ ತುಳಸಿ ಕೊಡ್ತಾರೆ.

ತಿನಕಡಿ: ನಿಮ್ಮ ಹಬಿಷ ಗುಂಪಿನ ಹಿರಿಯಮ್ಮ ಒಬ್ಬರ ಏಡಿಯೂ ಇದೆ, ಅತ್ತಿಗೆ. ಆರು.

ಕುಂತಳಾ: ಯಾವ ಹಿರಿಯಮ್ಮ?

ತಿನಕಡಿ: ವೈದ್ಯನ ಬಾಯಿ.

ಅಲ್ಲಿಂದ ಮುಂದೆ ಕುಂತಳಾ ಗುಂಪಿನ ಒಬ್ಬೊಬ್ಬರ ಮುಖವನ್ನೂ ಮನಸ್ಸಿನಲ್ಲೇ ಏಡಿಯ ಪಕ್ಕ ಇಟ್ಟು ನೋಡುತ್ತಿದ್ದಳು.

ತಿನಕಡಿ: ಪೆಟ್ಟಿಗೇಲಿ ಜಾಗ ಇಲ್ಲ ನಿಜ, ಹೊಟ್ಟೇಲಿ ಇದೆ. ಬೇಕಾದ್ರೆ ಸಾಸಿವೆ ಅರೆದು ಇವತ್ತೇ ಮಾಡ್ತೀನಿ.

ಪಾರಿಜಾ ಬಾಬು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಮನೆಗೆ ಹಿಂತಿರುಗಿದರು.

ಚಂಡಮಾರುತ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂತು. ಆ ಊರಿನಲ್ಲಿ ಹೇಳಿದ ಹೊತ್ತಿಗಿಂತ ಮೊದಲು ಬರುವುದು ಅದೊಂದೇ. ಬಾಗಿಲು ಕಿಟಕಿ ಜಡಿದು ಕೂತ ಗಲ್ಲಿಯವರಿಗೆ ಪೆಟ್ಟೇನೂ ಆಗಲಿಲ್ಲ. ಬೀದಿಯ ತುದಿಯ ಬೇವಿನ ಮರ ಮಗುಚಿತು, ಏಳು ಕಂಬಗಳ ತಂತಿ ಹರಿದುಬಿತ್ತು, ತಿನಕಡಿ ಬಾಬುವಿನ ಜನರೇಟರಿನ ಮೇಲೆ ತೆಂಗಿನ ಮರವೊಂದು ಗುರಿಯಿಟ್ಟಂತೆ ಬಿತ್ತು. ಅವರು ಆ ಹೊತ್ತಿನಿಂದಲೇ ಹನ್ನೊಂದು ಮನೆಯ ಮಾನ ಕಾಪಾಡಲು ತಿನ್ನತೊಡಗಿದರು. ಎರಡನೆಯ ದಿನ ಸಂಜೆಗೆ ತಮ್ಮ ಗುಳಿಗೆಗಳನ್ನು ತಾವೇ ನುಂಗುತ್ತಿದ್ದರಂತೆ.

ಇತ್ತ ಇನ್ವರ್ಟರು ಫ್ರಿಜ್ಜನ್ನು ಎರಡು ಗಂಟೆ ಹೊತ್ತು, ಕೀ ಎಂದು ಕೂಗಿ ಸುಮ್ಮನಾಯಿತು. ಕುಂತಳಾ ನೆರೆಮನೆಯಿಂದ ಉಪ್ಪು, ಮೇಣದಬತ್ತಿ, ನೀರು ಎಲ್ಲವನ್ನೂ ಎರವಲು ತಂದಳು. ಪ್ರತಿ ಮನೆಯ ಗೇಟಿನ ಮೇಲೂ ತನ್ನ ಗಂಡನ ಹೆಸರು ದಪ್ಪಕ್ಷರದಲ್ಲಿತ್ತು. ತಲೆ ತಗ್ಗಿಸಿ ಒಳಗೆ ಹೋದಳು. ಮೂರನೆಯ ಬೆಳಗ್ಗೆ ಪಾರಿಜಾ ಬಾಬು ಹಗ್ಗ ಸಡಿಲಿಸಿ ಒಳಗೆ ಕೈಯಿಟ್ಟು ನೋಡಿದರು. ಬಂಡೆಗಳು ಬೆರಳಿನಷ್ಟಾಗಿದ್ದವು. ಸಿಗಡಿ ಇನ್ನೂ ಕೆಟ್ಟಿರಲಿಲ್ಲ, ಆದರೆ ಅದರ ಮನಸ್ಸು ಆ ಕಡೆ ವಾಲುತ್ತಿತ್ತು.

ಆ ಹೊತ್ತಿಗೇ, ಬಿದ್ದ ಬೇವಿನ ಮರದ ಬೊಡ್ಡೆಯ ಮೇಲೆ ಆರು ಜನ ಲೈನ್‌ಮನ್‌ಗಳು ಸಾಲಾಗಿ ಕೂತಿರುವುದು ಕಂಡಿತು. ಆಂಧ್ರದ ಶ್ರೀಕಾಕುಳದ ಕಡೆಯಿಂದ ದುರಸ್ತಿಗೆಂದು ಕಳಿಸಿದ ತಂಡ. ಪಾರಿಜಾ ಬಾಬು ಕಾರ್ಯದರ್ಶಿಯ ನಡಿಗೆಯಲ್ಲಿ ಹೊರಟರು. ಕುಂತಳಾ ಗೇಟಿನ ಬಳಿ ನಿಂತಳು. ತಂಡದ ಮೇಸ್ತ್ರಿ ಅಪ್ಪಲನಾಯುಡು ಎದ್ದು ನಿಲ್ಲುವುದಕ್ಕೂ ತ್ರಾಣವಿಲ್ಲದವನಂತೆ ಕೈ ಮಾತ್ರ ಎತ್ತಿದ.

ಪಾರಿಜಾ: ನಮ್ಮ ಗಲ್ಲಿ ಯಾವಾಗಪ್ಪಾ?

ನಾಯುಡು: ಕಾಗದದಲ್ಲಿ ಎಲ್ಲಕ್ಕಿಂತ ಕೊನೇದು ನಿಮ್ಮದೇ, ಬಾಬುಗಾರು. ನಾಡಿದ್ದು ಅಂತ ಇಟ್ಕೊಳ್ಳಿ. ನಮ್ಮೋರಿಗೆ ಕಂಬ ಹತ್ತೋ ಬಲ ಇದ್ರೆ.

ಪಾರಿಜಾ: ಊಟ ಕೊಡ್ತಿಲ್ವಾ?

ನಾಯುಡು: ಕೊಡದೆ ಏನು. ಬೆಳಗ್ಗೆ ಬೇಳೇಲಿ ಕುಂಬಳಕಾಯಿ. ಮಧ್ಯಾಹ್ನ ಬೇಳೇಲಿ ಬಾಳೆಕಾಯಿ. ರಾತ್ರಿ ಎರಡೂ ಸೇರಿಸಿ. ಈರುಳ್ಳಿ ಕೇಳಿದ್ರೆ ಜನ ಕಿವಿ ಮುಚ್ಕೋತಾರೆ. ಸಮುದ್ರದ ಊರು, ಮೀನಿಗೆ ಬರ ಇಲ್ಲ ಅಂತ ಹೆಂಡ್ತಿಗೆ ಹೇಳಿ ಬಂದಿದ್ದೆ.

ಕುಂತಳಾ: ಕಾರ್ತಿಕ ಅಲ್ವಾ ಭಾಯಿ, ಅದಕ್ಕೆ. ನಿಮ್ಮಲ್ಲಿ ಮಾಡಲ್ವಾ?

ನಾಯುಡು: ಮಾಡದೆ ಇರ್ತೀವಾ ತಾಯಿ, ತಿಂಗಳು ಪೂರ್ತಿ ಮೊಟ್ಟೆ ಕೂಡ ಮುಟ್ಟಲ್ಲ. ಆದ್ರೆ ನಮ್ಮ ಕಾರ್ತಿಕ ಶುರುವಾಗೋದು ದೀಪಾವಳಿ ಅಮಾವಾಸ್ಯೆ ಕಳೆದ ಮೇಲೆ. ನಮಗಿನ್ನೂ ಆಶ್ವಯುಜ ನಡೀತಿದೆ. ಎಂಟು ದಿನ ಬಾಕಿ.

ಪಾರಿಜಾ ಬಾಬು ಇದ್ದಲ್ಲೇ ನಿಂತರು. ಮೂವತ್ತೊಂದು ವರ್ಷ ಅಕ್ಷಾಂಶ ರೇಖಾಂಶ ಕಲಿಸಿದ್ದರು, ಗಡಿ ದಾಟಿದರೆ ಗಡಿಯಾರ ಬದಲಾಗುವ ದೇಶಗಳ ಹೆಸರನ್ನು ಬಾಯಿಪಾಠ ಮಾಡಿಸಿದ್ದರು. ಹುಣ್ಣಿಮೆಗೆ ತಿಂಗಳು ಮುಗಿಸುವ ಒಡಿಯಾಗಳ ಪಕ್ಕದಲ್ಲೇ, ಅಮಾವಾಸ್ಯೆಗೆ ತಿಂಗಳು ಮುಗಿಸುವ ತೆಲುಗರು ಹದಿನೈದು ದಿನ ಹಿಂದೆ ಬದುಕುತ್ತಿದ್ದಾರೆಂಬುದು ಅವರ ಯಾವ ನಕ್ಷೆಯಲ್ಲೂ ಇರಲಿಲ್ಲ. ಅದೇ ಚಂದ್ರ, ಅದೇ ಸಮುದ್ರ. ಇವರಿಗೆ ಪಾಪ, ಅವರಿಗೆ ಊಟ.

ಕುಂತಳಾ ಗಂಡನನ್ನು ಗೇಟಿನೊಳಕ್ಕೆ ಕರೆದಳು.

ಕುಂತಳಾ: ತೆಗೀರಿ ಹಗ್ಗ.

ಪಾರಿಜಾ: ಬೀಗರಿಗೆ ಏನು ಹೇಳ್ಲಿ?

ಕುಂತಳಾ: ಚಂಡಮಾರುತ ಹೊತ್ಕೊಂಡು ಹೋಯ್ತು ಅನ್ನಿ.

ಪಾರಿಜಾ: ಫ್ರಿಜ್ ಬಿಟ್ಟು ಒಳಗಿನ ಸಿಗಡೀನ ಮಾತ್ರಾನಾ?

ಕುಂತಳಾ: ಸಂಜೆ ಹೊತ್ತಿಗೆ ಅದನ್ನ ಹೂಳೋಕೆ ಗುಂಡಿ ತೋಡ್ಬೇಕು. ನಿಮ್ಮ ಮೊಣಕಾಲಿಗೆ ಆಗಲ್ಲ, ನನ್ನ ವ್ರತಕ್ಕೆ ಆಗಲ್ಲ. ಹೊರಗೆ ಆರು ಜನ ಹಸಿದು ಕೂತಿದ್ದಾರೆ. ಬರೋ ತಿಂಗಳ ಬೀಗರು ದೊಡ್ಡೋರಾ, ಬಾಗಿಲಲ್ಲಿರೋ ಹೊಟ್ಟೆ ದೊಡ್ಡದಾ?

ಪಾರಿಜಾ: ಒಂದು ಕಿಲೋ ಉಳಿಸ್ಕೊಂಡ್ರೆ?

ಕುಂತಳಾ: ಮಿಟು ಬಾಪಾ.

ಹಗ್ಗ ಬಿಚ್ಚಿತು. ಗಂಟು ಹಾಕಿದ್ದೂ ಅವರೇ ಆದ್ದರಿಂದ ಬಿಚ್ಚಲು ಕಾಲು ಗಂಟೆ ಹಿಡಿಯಿತು.

ಅಡುಗೆಮನೆ ಹಬಿಷದ್ದು, ಅಲ್ಲಿ ಸಿಗಡಿ ಕಾಲಿಡುವಂತಿಲ್ಲ. ಹಿತ್ತಲಲ್ಲಿ ಮೂರು ಇಟ್ಟಿಗೆ ಜೋಡಿಸಿ, ಬೇವಿನ ಕೊಂಬೆ ಉರಿಸಿ, ಜನ್ಮದಲ್ಲಿ ಮೊದಲ ಬಾರಿಗೆ ಪಾರಿಜಾ ಬಾಬು ಒಲೆಯ ಮುಂದೆ ಕೂತರು. ಕುಂತಳಾ ಮೂಗಿಗೆ ಸೆರಗು ಹಿಡಿದು ದೂರದಿಂದ ನಿರ್ದೇಶನ ಕೊಟ್ಟಳು.

ಕುಂತಳಾ: ಈರುಳ್ಳಿ ಕೆಂಪಗಾಯ್ತಾ?

ಪಾರಿಜಾ: ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು.

ಕುಂತಳಾ: ಕೈಯಾಡಿಸಿ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಈಗ?

ಪಾರಿಜಾ: ನೈಋತ್ಯದಿಂದ.

ಕುಂತಳಾ: ಹಾಗಾದ್ರೆ ನಾನು ಈಚೆಗೆ ಬರ್ತೀನಿ. ಇಷ್ಟು ವರ್ಷಕ್ಕೆ ನಿಮ್ಮ ಭೂಗೋಳ ಒಂದು ಉಪಯೋಗಕ್ಕೆ ಬಂತು. ಉಪ್ಪು ನೋಡಿ.

ಪಾರಿಜಾ: ಹೇಗೆ ನೋಡ್ಲಿ? ಕಾರ್ತಿಕ.

ಗೋಡೆಯಾಚೆ ಕೆಮ್ಮು ಕೇಳಿಸಿತು.

ತಿನಕಡಿ: ನಾನು ನೋಡ್ಲಾ?

ಪಾರಿಜಾ: ನಿಮ್ಮ ಹೊಟ್ಟೆ ಸರಿಯಿಲ್ಲ ಅಂತ ಕೇಳ್ದೆ.

ತಿನಕಡಿ: ಹೊಟ್ಟೆ ಸರಿಯಿಲ್ಲ, ನಾಲಿಗೆ ಸರಿಯಾಗಿದೆ.

ಬಟ್ಟಲೊಂದು ಗೋಡೆ ದಾಟಿತು.

ತಿನಕಡಿ: ಖಾರ ಗೊತ್ತಾಯ್ತು. ಉಪ್ಪು ಗೊತ್ತಾಗ್ಲಿಲ್ಲ, ಇನ್ನೊಂದು ಕೊಡಿ.

ಇನ್ನೊಂದು ದಾಟಿತು.

ತಿನಕಡಿ: ಇದರಲ್ಲಿ ಸರಿ ಇದೆ. ಆದ್ರೆ ಒಂದೇ ಸಿಗಡಿ ನೋಡಿ ಇಡೀ ಪಾತ್ರೆ ಬಗ್ಗೆ ತೀರ್ಪು ಕೊಡೋದು ವೈದ್ಯನ ಧರ್ಮ ಅಲ್ಲ.

ಕುಂತಳಾ: ಪಾತ್ರೆ ಮುಚ್ಚಿ.

ಆರು ಜನ ಬೇವಿನ ಬೊಡ್ಡೆಯ ಮೇಲೆ ಬಾಳೆಯೆಲೆ ಹಾಸಿಕೊಂಡು ಉಂಡರು. ಪಾರಿಜಾ ಬಾಬು ಬಡಿಸುತ್ತಾ, ಚಿಲಿಕಾದ ಅಂಗೈ ಅಗಲದ ಮಾನ ಒಂದೊಂದಾಗಿ ಪರರ ಬಾಯಿ ಸೇರುವುದನ್ನು ನೋಡುತ್ತಾ ನಿಂತರು. ವಿಚಿತ್ರವೆಂದರೆ ಅಂದುಕೊಂಡಷ್ಟು ಸಂಕಟವಾಗಲಿಲ್ಲ. ತಾನು ಮಾಡಿದ ಅಡುಗೆಯನ್ನು ಜನ ಎಲೆ ಒರೆಸಿ ತಿನ್ನುತ್ತಾರೆಂಬುದು ಅರವತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಗಿತ್ತು; ಅದರ ರುಚಿ ಹೇಗಿತ್ತೆಂಬುದು ಮಾತ್ರ ಎಂದೂ ಗೊತ್ತಾಗುವಂತಿರಲಿಲ್ಲ.

ಪಾರಿಜಾ: ನೋಡಪ್ಪ, ಇದು ಲಂಚ ಅಲ್ಲ. ಸರದಿ ಪ್ರಕಾರವೇ ಮಾಡಿ. ನಾನು ಸಮಿತಿಯವನು, ತಪ್ಪು ಮಾಡ್ಸಲ್ಲ.

ನಾಯುಡು: ಛೇ, ಲಂಚ ಯಾರಂದ್ರು? ಆದ್ರೆ ಬಾಬುಗಾರು, ಹೊಟ್ಟೆ ಇಷ್ಟು ಭಾರ ಮಾಡಿ ಕಳಿಸಿದ್ರೆ ದೂರದ ಕಂಬಕ್ಕೆ ನಡೆಯೋದು ಹೇಗೆ? ಹತ್ತಿರದ್ದನ್ನೇ ಹತ್ತಬೇಕು.

ಸಂಜೆ ನಾಲ್ಕಕ್ಕೆ ಗಲ್ಲಿಗೆ ಕರೆಂಟ್ ಬಂತು. ಹನ್ನೊಂದು ಮನೆಯಿಂದ ಹೋ ಎಂಬ ಕೂಗೆದ್ದಿತು. ತಿನಕಡಿ ಬಾಬುವಿನ ಪೆಟ್ಟಿಗೆಯಲ್ಲಿ ಏನೂ ಉಳಿದಿಲ್ಲವೆಂಬುದು ಅವರಿಗಿನ್ನೂ ತಿಳಿದಿರಲಿಲ್ಲ. ಪಾರಿಜಾ ಬಾಬುವಿನ ಫ್ರಿಜ್ಜು ಸೊಗಸಾಗಿ ಗುನುಗುತ್ತಾ, ಒಳಗಿನ ಶೂನ್ಯವನ್ನು ಶ್ರದ್ಧೆಯಿಂದ ತಂಪು ಮಾಡತೊಡಗಿತು. ಫೋನಿಗೂ ಜೀವ ಬಂತು. ಬಂದ ಐದೇ ನಿಮಿಷಕ್ಕೆ ರಿಂಗಣಿಸಿತು. ಬರಂಪುರದ ಬೀಗರು, ಕಾನುಂಗೋ ಬಾಬು.

ಪಾರಿಜಾ: ನಮಸ್ಕಾರ, ನಮಸ್ಕಾರ. ಎಲ್ಲ ಕ್ಷೇಮ... ಮಿಟು ಹೇಗಿದ್ದಾಳೆ?... ಬಂತು, ಈಗ ತಾನೇ ಬಂತು... ನಿಮಗಿನ್ನೂ ಇಲ್ವಾ?... ಒಂದು ವಾರ ಅಂತಾರಾ... ಅಯ್ಯೋ, ಅದಕ್ಕೆ ಕೇಳ್ಬೇಕಾ, ನಾಳೆ ಬೆಳಗ್ಗೇನೇ ಹೊರಡಿ, ಎಲ್ಲರೂ ಬನ್ನಿ, ಕರೆಂಟ್ ಬರೋವರೆಗೂ ಇಲ್ಲೇ ಇರಿ.

ಅವರು ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಕಡೆ ತಿರುಗಿದರು. ಮೂರು ದಿನದ ಮೇಲೆ ಮುಖದಲ್ಲಿ ನಗು ಕಾಣಿಸಿತ್ತು.

ಪಾರಿಜಾ: ನಾಳೇನೇ ಬರ್ತಾರಂತೆ. ಕಾರ್ತಿಕದ ನಡುವೆ. ಬೇಳೆ ತರಕಾರಿಯ ದಾಲ್ಮಾ ಸಾಕು ಅಂತ ಅವರೇ ಅಂದ್ರು. ಮಾನ ಉಳೀತು ಮಿಟು ಬೊಉ.

ಕುಂತಳಾ: ಉಳೀತಲ್ಲ, ಇನ್ನು ಬಾಯಿ ತೆಗೀಬೇಡಿ.

ಪಾರಿಜಾ: ಹ್ಞಾ, ಹೇಳಿ ಕಾನುಂಗೋ ಬಾಬು, ಇದ್ದೀನಿ... ಏನು ತರ್ತೀರಿ?... ಯಾವಾಗ ತಗೊಂಡಿದ್ರಿ?... ಓ... ಓಹೋ.

ಪಾರಿಜಾ ಬಾಬು ನಿಧಾನವಾಗಿ ಕುರ್ಚಿ ಹುಡುಕಿ ಕೂತರು.

ಕುಂತಳಾ: ಏನಂತೆ?

ಪಾರಿಜಾ: ಛಾಡಖಾಯಿ ಊಟಕ್ಕೆ ಬರಿಗೈಲಿ ಬರಬಾರದು ಅಂತ, ಅವತ್ತು ನೂಕುನುಗ್ಗಲು ಅಂತ, ಕಾರ್ತಿಕ ಹುಟ್ಟೋ ಮೊದಲೇ ತಂದಿಟ್ಟಿದ್ರಂತೆ. ಐದು ಕಿಲೋ ಸಿಗಡಿ. ಮಂಜುಗಡ್ಡೇಲಿ ಕಟ್ಟಿ ನಾಳೆ ಜೊತೇಲೇ ತರ್ತಾರೆ. ನಮ್ಮ ಫ್ರೀಜರಲ್ಲಿ ಜಾಗ ಇದೆಯಾ ಅಂತ ಕೇಳ್ತಿದ್ದಾರೆ.

ಕುಂತಳಾ: ಇದೆ ಅನ್ನಿ. ಕರೆಂಟ್ ಮತ್ತೆ ಹೋದ್ರೆ ಕಷ್ಟ, ಆಮೇಲೆ ಓಡಿ ಹೋಗಿ ಆ ನಾಯುಡುಗೆ ಹೇಳಿ ಬನ್ನಿ, ಅಮಾವಾಸ್ಯೆವರೆಗೂ ಊರು ಬಿಡಬಾರದು ಅಂತ.